ಜಿಂಕೆಯನ್ನು ಗೇಣಿಗೆ ಕೊಡಲಾಗದು

ಭತ್ತದ ತೆನೆ ಹಾಲುಗಟ್ಟುವ ದಿನಗಳಲ್ಲಿ ಕಾಡಂಚಿನ ರೈತನಿಗೆ ನಿದ್ರೆಯಿಲ್ಲ. ಕೊಪ್ಪ ತಾಲ್ಲೂಕಿನ ಜಯಪುರದ ಆಸುಪಾಸಿನಲ್ಲಾಗಲಿ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಹಳ್ಳಿಗಳಲ್ಲಾಗಲಿ ಇದು ಹೊಸ ಸಂಗತಿಯಲ್ಲ. ಹಂದಿ, ಕಡವೆ, ಕಾಡುಕೋಣ, ಮಂಗಗಳ ಹಾವಳಿ ಒಂದೆಡೆ, ಕೂಲಿಯಾಳುಗಳ ಅಭಾವ ಇನ್ನೊಂದೆಡೆ. ಇವೆರಡರ ನಡುವೆ ಸಿಲುಕಿದ ಎಷ್ಟೋ ಗದ್ದೆಗಳು ಹಡಿಲು ಬಿದ್ದಿವೆ, ಇಲ್ಲವೇ ಅಡಿಕೆ ತೋಟಗಳಾಗಿವೆ. ಅನ್ನ ಬೆಳೆಯುವ ನೆಲ ಹೀಗೆ ಕೈಬಿಡುತ್ತಿರುವುದನ್ನು ಲಘುವಾಗಿ ಕಾಣುವ ಯಾವ ಪರಿಸರವಾದಕ್ಕೂ ಹಳ್ಳಿಯಲ್ಲಿ ಬೆಲೆಯಿರದು.

ಈ ಸಂಕಟದ ನಡುವೆ ಒಂದು ಆಲೋಚನೆ ಮೂಡುವುದು ಸಹಜ. ಹಡಿಲು ಬಿದ್ದ ಗದ್ದೆ, ಹಕ್ಕಲುಗಳನ್ನು ಹತ್ತಾರು ಮಂದಿ ಸೇರಿ ಗುತ್ತಿಗೆಗೆ ಹಿಡಿದು, ಖರ್ಚನ್ನು ಹಂಚಿಕೊಂಡು, ಸಂಘವೊಂದನ್ನು ಕಟ್ಟಿ ಜಿಂಕೆ, ಕಡವೆಗಳ ಶಿಕಾರಿ ಮಾಡಬಾರದೇಕೆ? ಅಮೆರಿಕದಲ್ಲಿ ಇಂಥ ಕ್ಲಬ್ಬುಗಳು ನಡೆಯುತ್ತಿಲ್ಲವೇ? ಜಮೀನಿನ ಒಡೆಯನಿಗೆ ಬಾಡಿಗೆ, ಸದಸ್ಯರಿಗೆ ಮಾಂಸ, ಬೆಳೆಗೆ ರಕ್ಷಣೆ, ಎಲ್ಲರಿಗೂ ಲಾಭವಲ್ಲವೇ? ಪ್ರಶ್ನೆಯನ್ನು ಗದರಿಸಿ ಬಾಯಿ ಮುಚ್ಚಿಸುವುದು ಸರಿಯಲ್ಲ. ಅದನ್ನು ಬಿಡಿಸಿ ನೋಡುವುದು ಒಳಿತು.

ಮೊದಲನೆಯದು ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೂ ಕೆಲವು ಪ್ರಾಣಿಗಳ ಬೇಟೆಗೆ ಪರವಾನಗಿ ಪಡೆಯುವ ಅವಕಾಶವಿತ್ತು. 1991ರ ತಿದ್ದುಪಡಿ ಆ ಬಾಗಿಲನ್ನು ಮುಚ್ಚಿತು. ಕಾಯ್ದೆಯ ದೃಷ್ಟಿಯಲ್ಲಿ ಬೇಟೆಯೆಂದರೆ ಕೊಲ್ಲುವುದು ಮಾತ್ರವಲ್ಲ. ಉರುಳು ಹಾಕುವುದು, ಅಟ್ಟುವುದು, ಆಮಿಷ ಒಡ್ಡುವುದು, ಅದಕ್ಕಾಗಿ ಪ್ರಯತ್ನಿಸುವುದು ಕೂಡ ಬೇಟೆಯೇ. ಪ್ರಾಣಿ ಸರ್ಕಾರಿ ಕಾಡಿನಲ್ಲಿದ್ದರೂ ಒಂದೇ, ಸ್ವಂತ ಗದ್ದೆಯಲ್ಲಿದ್ದರೂ ಒಂದೇ. ಸತ್ತು ಬಿದ್ದ ಕಡವೆಯೂ ಸರ್ಕಾರದ ಸ್ವತ್ತು. ಅದರ ಮಾಂಸವನ್ನು ಪಾಲು ಹಾಕುವ ಹಕ್ಕು ಯಾರಿಗೂ ಇಲ್ಲ. ಸಾಮಾನ್ಯ ಅಪರಾಧಕ್ಕೂ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. 2022ರ ತಿದ್ದುಪಡಿಯ ನಂತರ ದಂಡದ ಮಿತಿ 1 ಲಕ್ಷ ರೂಪಾಯಿಗೆ ಏರಿದೆ. ಬೆಳೆ ರಕ್ಷಣೆಗೆಂದು ಕೊಟ್ಟ ಕೋವಿಯ ಪರವಾನಗಿಯು ಶಿಕಾರಿಯ ಪರವಾನಗಿಯಲ್ಲ ಎಂಬುದನ್ನು ಯುವಕರು ಮರೆಯಬಾರದು.

ಎರಡನೆಯದು ನೆಲ. ಕಾಗೋಡಿನ ಗೇಣಿದಾರರು 1951ರಲ್ಲಿ ಸತ್ಯಾಗ್ರಹ ಹೂಡಿದ್ದು ಇದೇ ಮಲೆನಾಡಿನಲ್ಲಿ. ದೇವರಾಜ ಅರಸರ ಕಾಲದ 1974ರ ತಿದ್ದುಪಡಿಯ ಮೂಲಕ ಭೂಸುಧಾರಣಾ ಕಾಯ್ದೆಯು ಉಳುವವನಿಗೆ ಹೊಲವನ್ನು ಕೊಟ್ಟಿತು. ಕೆಲವು ವಿನಾಯಿತಿಗಳನ್ನು ಬಿಟ್ಟು ಕೃಷಿಭೂಮಿಯನ್ನು ಗೇಣಿಗೆ ಕೊಡುವುದನ್ನೇ ನಿಷೇಧಿಸಿತು. 2020ರಲ್ಲಿ ಕೃಷಿಕರಲ್ಲದವರೂ ಜಮೀನು ಕೊಳ್ಳಲು ದಾರಿ ತೆರೆಯಿತು. ಹೀಗಿರುವಾಗ ಮೋಜಿನ ಬೇಟೆಗಾಗಿ ಗದ್ದೆ ಹಿಡಿಯುವ ಪದ್ಧತಿ ಬಂದರೆ ಅದರ ಲಾಭ ಯಾರಿಗೆ? ಬಾಡಿಗೆ ಕೊಡಬಲ್ಲವನು ಪೇಟೆಯವನು. ಹಳು ನುಗ್ಗಿ ಪ್ರಾಣಿಯನ್ನು ಎಬ್ಬಿಸುವವನು ಹಳ್ಳಿಯ ಕೂಲಿಯವನು. ಮೊಕದ್ದಮೆ ಬಂದಾಗ ಕಟಕಟೆಯಲ್ಲಿ ನಿಲ್ಲುವವನೂ ಅವನೇ. ಗುತ್ತಿಗೆಯ ಪಾಠ ಮಲೆನಾಡಿಗೆ ತಿಳಿಯದ್ದೇನಲ್ಲ. ಶಿವಮೊಗ್ಗ, ಚಿಕ್ಕಮಗಳೂರು ಸೀಮೆಯ ಅರಣ್ಯಭೂಮಿಯನ್ನು ಮೈಸೂರು ಕಾಗದ ಕಾರ್ಖಾನೆಗೆ 1980ರಲ್ಲಿ 40 ವರ್ಷಗಳ ಗುತ್ತಿಗೆಗೆ ಕೊಟ್ಟುದರ ಫಲವಾಗಿ ಎಷ್ಟೋ ಗುಡ್ಡಗಳ ಮೇಲೆ ಅಕೇಶಿಯಾ ಎದ್ದು ನಿಂತಿತು. ಹುಲ್ಲು, ಹಣ್ಣು, ಬಿದಿರು ಇದ್ದ ಕಡೆ ಅಕೇಶಿಯಾ ನಿಂತರೆ ಮೇಯುವ ಪ್ರಾಣಿ ಎಲ್ಲಿಗೆ ಹೋಗಬೇಕು? ಅದು ಗದ್ದೆಯ ದಾರಿ ಹಿಡಿಯುವುದರಲ್ಲಿ ಆಶ್ಚರ್ಯವಿಲ್ಲ.

ಮೂರನೆಯದು ಪರದೇಶದ ಮಾದರಿ. ಅಮೆರಿಕದಲ್ಲಿಯೂ ಜಿಂಕೆ ಜಮೀನಿನ ಒಡೆಯನದಲ್ಲ. ಅದು ಸಮಸ್ತ ಜನರ ಪರವಾಗಿ ರಾಜ್ಯದ ವಶದಲ್ಲಿರುವ ಸಂಪತ್ತು. ಕ್ಲಬ್ಬಿನವರು ಗುತ್ತಿಗೆಗೆ ಪಡೆಯುವುದು ನೆಲಕ್ಕೆ ಕಾಲಿಡುವ ಅವಕಾಶವನ್ನು ಮಾತ್ರ. ಎಷ್ಟು ಜಿಂಕೆ, ಯಾವ ತಿಂಗಳು ಎಂಬುದನ್ನು ನಿರ್ಧರಿಸುವುದು ಸರ್ಕಾರ. 1937ರ ಕಾನೂನಿನಂತೆ ಬಂದೂಕು, ಮದ್ದುಗುಂಡುಗಳ ಮೇಲಿನ ತೆರಿಗೆ ವನ್ಯಜೀವಿಗಳ ಪುನಶ್ಚೇತನಕ್ಕೆ ಸಲ್ಲುತ್ತದೆ. ಜರ್ಮನಿಯಲ್ಲಿ ಸಣ್ಣ ಹಿಡುವಳಿದಾರರು ಕೂಡಿ ಬೇಟೆಯ ಹಕ್ಕನ್ನು ಗುತ್ತಿಗೆಗೆ ಕೊಡುತ್ತಾರೆ. ಬೆಳೆನಷ್ಟವನ್ನು ತುಂಬಿಕೊಡುವ ಹೊಣೆಯನ್ನು ಸಾಮಾನ್ಯವಾಗಿ ಗುತ್ತಿಗೆದಾರನೇ ಹೊರುತ್ತಾನೆ. ಬೇಟೆಯ ಸುದ್ದಿಯನ್ನು ಮಾತ್ರ ಕೇಳಿ, ಅದರ ಬೆನ್ನಿಗಿರುವ ಎಣಿಕೆ, ತೆರಿಗೆ, ಹೊಣೆಗಾರಿಕೆಗಳನ್ನು ಬಿಟ್ಟುಬಿಡುವುದು ಅರ್ಧ ಸತ್ಯ.

ಇನ್ನೂ ಒಂದು ವ್ಯತ್ಯಾಸವಿದೆ. ಅಮೆರಿಕದ ಪೂರ್ವಭಾಗದ ಹೆಚ್ಚಿನ ಕಡೆ ಜಿಂಕೆಯನ್ನು ಹಿಡಿಯುವ ತೋಳ ಎಂದೋ ಅಳಿದುಹೋಗಿದೆ. ಮಲೆನಾಡಿನಲ್ಲಿ ಹಾಗಿಲ್ಲ. ಒಂದು ಪಾರ್ಶ್ವದಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನ, ಇನ್ನೊಂದು ಪಾರ್ಶ್ವದಲ್ಲಿ 1998ರಲ್ಲಿ ಹುಲಿ ಯೋಜನೆಗೆ ಸೇರಿದ ಭದ್ರಾ ಅಭಯಾರಣ್ಯ. ಇಲ್ಲಿ ಹುಲಿ, ಚಿರತೆ, ಸೀಳುನಾಯಿಗಳು ಇನ್ನೂ ಬದುಕಿವೆ. ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ದೊಡ್ಡ ಪ್ರಾಣಿಗಳ ಆಹಾರ ಬೇಕು, ಅದಕ್ಕೆ ಸುಮಾರು 500 ಪ್ರಾಣಿಗಳ ಸಂಕುಲ ಕಾಡಿನಲ್ಲಿರಬೇಕು ಎಂಬುದು ಉಲ್ಲಾಸ ಕಾರಂತರ ಅಧ್ಯಯನಗಳಿಂದ ತಿಳಿದುಬಂದ ಲೆಕ್ಕ. ಜಿಂಕೆ, ಕಡವೆ, ಕಾಡುಕುರಿಗಳನ್ನು ಮನುಷ್ಯನು ಖಾಲಿ ಮಾಡಿದರೆ ಹಸಿದ ಚಿರತೆ ಹುಡುಕಿಕೊಂಡು ಬರುವುದು ಕೊಟ್ಟಿಗೆಯ ಕರುವನ್ನು, ಅಂಗಳದ ನಾಯಿಯನ್ನು.

ಶಿಕಾರಿ ಮಲೆನಾಡಿನ ಸಂಪ್ರದಾಯವೆಂಬ ಮಾತೂ ಕೇಳಿಬರುತ್ತದೆ. ಅದು ಸುಳ್ಳಲ್ಲ. ಹಳುವಿನವರು ಸೋವು ಹಿಡಿದು ಬರುವುದು, ಕೋವಿಯವರು ಕಂಡಿಗಳಲ್ಲಿ ಕಾದು ನಿಲ್ಲುವುದು, ಮಾಂಸವನ್ನು ಕೂಡಿ ಪಾಲು ಹಾಕಿಕೊಳ್ಳುವುದು, ಇವೆಲ್ಲ ಹಳೆಯ ತಲೆಮಾರಿನ ಬದುಕಿನ ಭಾಗವಾಗಿದ್ದವು. ಕುವೆಂಪು ಅವರ ಬರಹಗಳಲ್ಲಿ ಆ ಲೋಕವೇ ಇದೆ. ಆದರೆ ಆ ಕಾಲದ ಕಾಡು ಬೇರೆ, ಕೋವಿ ಬೇರೆ, ರಸ್ತೆ ಬೇರೆ. ಕೇಪಿನ ಕೋವಿಯ ಒಂದು ಈಡಿಗೂ, ಜೀಪಿನ ಮೇಲಿನ ಪ್ರಖರ ದೀಪದ ಬೆಳಕಿನಲ್ಲಿ ಕಣ್ಣು ಕೋರೈಸಿ ನಿಂತ ಪ್ರಾಣಿಯನ್ನು ಹೊಡೆಯುವುದಕ್ಕೂ ಹೋಲಿಕೆಯಿಲ್ಲ. ಆ ಕಾಲದಲ್ಲಿಯೂ ಬೇಟೆ ಅಂಕೆಯಿಲ್ಲದ್ದಾಗಿರಲಿಲ್ಲ; ಮೈಸೂರು ಸಂಸ್ಥಾನ 1901ರಲ್ಲೇ ಬೇಟೆಯ ಪ್ರಾಣಿಗಳು ಹಾಗೂ ಮೀನುಗಳ ರಕ್ಷಣೆಗೆ ಕಾನೂನು ಮಾಡಿತ್ತು. ಸಂಪ್ರದಾಯದಲ್ಲಿ ಉಳಿಸಿಕೊಳ್ಳಬೇಕಾದುದು ಕೊಲ್ಲುವ ಕ್ರಿಯೆಯಲ್ಲ, ಊರೆಲ್ಲ ಕೂಡಿ ನಿಲ್ಲುತ್ತಿದ್ದ ಒಗ್ಗಟ್ಟು.

ಆ ಒಗ್ಗಟ್ಟಿಗೆ ಇಂದು ಬೇರೆ ಕೆಲಸವಿದೆ. ಗದ್ದೆಬಯಲಿನ ರೈತರೆಲ್ಲ ಸೇರಿ ಸರದಿಯ ಮೇಲೆ ಕಾವಲು ಕಾದರೆ ಒಬ್ಬೊಬ್ಬನ ನಿದ್ರೆಗೇಡು ಕಡಿಮೆಯಾಗುತ್ತದೆ. ಒಬ್ಬನ ಗದ್ದೆಗೆ ಬೇಲಿ ಹಾಕಿದರೆ ಪ್ರಾಣಿ ಪಕ್ಕದವನ ಗದ್ದೆಗೆ ನುಗ್ಗುತ್ತದೆ. ಇಡೀ ಬಯಲಿಗೆ ಒಂದೇ ಸೌರಬೇಲಿ ಹಾಕಿ ಕೂಡಿಯೇ ನಿರ್ವಹಿಸುವುದು ಲೇಸು. ವಿದ್ಯುತ್ ತಂತಿಯನ್ನು ನೇರವಾಗಿ ಬೇಲಿಗೆ ಎಳೆಯುವುದು ಮಾತ್ರ ಕೊಲೆಗೆ ಸಮಾನ. ಅದಕ್ಕೆ ದನವೂ ಒಂದೇ, ಮನುಷ್ಯನೂ ಒಂದೇ. ಬೆಳೆನಷ್ಟವಾದಾಗ ಅರಣ್ಯ ಇಲಾಖೆಗೆ ತಪ್ಪದೆ ಅರ್ಜಿ ಸಲ್ಲಿಸಬೇಕು. ಅರ್ಜಿ ಬರೆಯಲು, ಹಾನಿಯ ಚಿತ್ರ ತೆಗೆಯಲು, ಊರಿನ ನಷ್ಟದ ದಿನಚರಿ ಇಡಲು ಕಾಲೇಜು ವಿದ್ಯಾರ್ಥಿಗಳು ಮುಂದಾಗಲಿ. ಆ ದಾಖಲೆ ಗ್ರಾಮಸಭೆಯ ಮುಂದೆ ಬಂದಾಗ ರೈತನ ಗೋಳು ಗೊಣಗಾಟವಾಗಿ ಉಳಿಯದೆ ಪುರಾವೆಯಾಗುತ್ತದೆ.

ಸರ್ಕಾರವೂ ತನ್ನ ಹೊಣೆಯನ್ನು ಅರಿಯಬೇಕು. ಬೆಳೆಗೆ ಅಪಾಯವೊಡ್ಡುವ ಕೆಲವು ಪ್ರಾಣಿಗಳ ವಿಷಯದಲ್ಲಿ ಅಧಿಕೃತ ಅಧಿಕಾರಿಯು ಲಿಖಿತ ಕಾರಣ ನೀಡಿ ಅನುಮತಿ ಕೊಡಬಹುದೆಂದು ಕಾಯ್ದೆಯ 11ನೆಯ ಕಲಮು ಹೇಳುತ್ತದೆ. ಕಾಡುಹಂದಿಗಳ ವಿಷಯದಲ್ಲಿ ನೆರೆಯ ಕೇರಳವು 2022ರಲ್ಲಿ ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ಅಂಥ ಅಧಿಕಾರವನ್ನು ವಹಿಸಿತು. ಅದರ ಸಾಧಕಬಾಧಕಗಳು ಬಹಿರಂಗವಾಗಿ ಚರ್ಚೆಯಾಗಲಿ. ಕಾಡು ತನ್ನದೆಂದು ಹೇಳುವ ಸರ್ಕಾರ, ಆ ಕಾಡಿನ ಪ್ರಾಣಿ ತಿಂದ ಭತ್ತದ ಬೆಲೆಯನ್ನು ಬಡ ರೈತನೊಬ್ಬನೇ ತೆರಲಿ ಎನ್ನುವುದು ನ್ಯಾಯವಲ್ಲ. ತಕ್ಕ ಪರಿಹಾರ ತಕ್ಕ ಸಮಯಕ್ಕೆ ಸಿಗದ ಊರಿನಲ್ಲಿ ಕಾನೂನಿನ ಮೇಲಿನ ಗೌರವ ಹೆಚ್ಚು ಕಾಲ ಉಳಿಯದು. ಉರುಳು, ಕಳ್ಳಕೋವಿಗಳು ಆ ನಿರಾಶೆಯಲ್ಲಿಯೇ ಬೆಳೆಯುತ್ತವೆ.

ಗದ್ದೆ ರೈತನದು, ಕಾಡು ಎಲ್ಲರದು, ಜಿಂಕೆ ಇವೆರಡರ ಗಡಿಯನ್ನು ಅರಿಯದ ಜೀವಿ. ಗಡಿಯನ್ನು ಅರಿತ ಮನುಷ್ಯನೇ ಅದನ್ನು ಕಾಯಬೇಕು. ಸಂಘ ಕಟ್ಟುವ ಉತ್ಸಾಹ ಮಲೆನಾಡಿನ ಯುವಕರಲ್ಲಿದ್ದರೆ ಕಟ್ಟಲಿ. ಅದು ಹಡಿಲು ಬಿದ್ದ ಗದ್ದೆಯಲ್ಲಿ ಮತ್ತೆ ನಾಟಿ ಮಾಡಿಸುವ ಸಂಘವಾಗಲಿ.