ಪಾರ್ಕು ಯಾರದ್ದು, ಪ್ರಾಜೆಕ್ಟು ಯಾರದ್ದು?

ಕಾಲೇಜು ಹುಡುಗ ಹುಡುಗಿಯರು ಬರ್ತಾರೆ. ಮೊದಲು ಕೈಯಲ್ಲಿ ಫಾರಂ ಇರ್ತಿತ್ತು, ಈಗ ಮೊಬೈಲು. "ಆಂಟಿ, ಎರಡೇ ನಿಮಿಷ. ನಿಮ್ಮ ಪಾರ್ಕಲ್ಲಿ ಏನೇನಿರಬೇಕು ಹೇಳಿ" ಅಂತಾರೆ. ಆಂಟಿ ಪಾಪ, ಲೈಟು ಬೇಕು, ಶೌಚಾಲಯ ಬೇಕು, ನೆರಳಲ್ಲೊಂದು ಬೆಂಚು ಬೇಕು ಅಂತಾರೆ. ಹುಡುಗರು ಬರೆದುಕೊಂಡು, ಫೋಟೋ ಹೊಡೆದುಕೊಂಡು ಹೋಗ್ತಾರೆ. ಹೋದವರು ಹೋದರು! ಆಂಟಿ ಹೇಳಿದ್ದು ಕಾಲೇಜಿನ ಪರದೆ ಮೇಲೆ ಬಣ್ಣಬಣ್ಣದ ನಕ್ಷೆಯಾಗುತ್ತೆ, ಮೇಷ್ಟ್ರು ಮಾರ್ಕ್ಸ್ ಕೊಡ್ತಾರೆ. ಪಾರ್ಕಲ್ಲಿ ಮಾತ್ರ ಅದೇ ಉರಿಯದ ಲೈಟು.

ಇದಕ್ಕೆ "ಸಾರ್ವಜನಿಕ ಸಹಭಾಗಿತ್ವ" ಅಂತ ದೊಡ್ಡ ಹೆಸರು ಬೇರೆ. ಸಹಭಾಗಿತ್ವ ಅಂದರೆ ಇಬ್ಬರಿಗೂ ಭಾಗ ಸಿಗಬೇಕಲ್ವಾ? ಇಲ್ಲಿ ಒಬ್ಬರಿಗೆ ಮಾರ್ಕ್ಸು, ಇನ್ನೊಬ್ಬರಿಗೆ ಥ್ಯಾಂಕ್ಸು.

ನನಗೆ ಹುಡುಗರ ಮೇಲೆ ಸಿಟ್ಟಿಲ್ಲ. ಅವರು ಬರಲೇಬೇಕು. ಯಶವಂತಪುರ, ಮತ್ತಿಕೆರೆ ಸುತ್ತ ಕಾಲೇಜುಗಳಿಗೇನು ಬರವೇ? ಪಿಜಿಗಳಲ್ಲಿ ಇರುವ ಈ ಮಕ್ಕಳೂ ನಮ್ಮ ಏರಿಯಾದ ನಿವಾಸಿಗಳೇ. ನನ್ನ ತಕರಾರು ಅವರನ್ನು ಕಳಿಸುವ ರೀತಿಯ ಬಗ್ಗೆ.

ಮೊದಲನೆಯದಾಗಿ, ಕೇಳೋದು ಯಾರನ್ನ? ಬೆಳಗ್ಗೆ ವಾಕಿಂಗ್ ಬಂದವರನ್ನ. ಅವರು ಕೇಳೋದು ವಾಕಿಂಗ್ ಪಾತ್, ಜೊತೆಗೆ ವ್ಯಾಯಾಮದ ಸಲಕರಣೆ. ತಪ್ಪಲ್ಲ. ಆದರೆ ಯಶವಂತಪುರ ಅಂದರೆ ಬರೀ ವಾಕಿಂಗ್ ಮಾಡೋರಾ? ಮಾರ್ಕೆಟ್ ಯಾರ್ಡಿನಲ್ಲಿ ಮೂಟೆ ಹೊರುವ ಹಮಾಲಿಗೆ ಬೇಕಾಗಿರೋದು ಮಧ್ಯಾಹ್ನ ಅರ್ಧ ಗಂಟೆ ಮರದ ನೆರಳು. ಪೀಣ್ಯದ ಗಾರ್ಮೆಂಟ್ಸಿನಿಂದ ಸಂಜೆ ವಾಪಸ್ ಬರುವ ಹೆಣ್ಣುಮಗಳಿಗೆ ಬೇಕಾಗಿರೋದು ಬೆಳಕು. ಬೆಂಗಳೂರಿನ ಪಾರ್ಕುಗಳ ಗೇಟಿಗೆ ಮಧ್ಯಾಹ್ನ ಬೀಗ ಬೀಳೋದು ಎಷ್ಟೋ ವರ್ಷದ ಪದ್ಧತಿ. ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿರಬೇಕು ಅಂತ ಪಾಲಿಕೆ ಹೇಳಿದ್ದು 2024ರಲ್ಲಿ! ಅಷ್ಟು ವರ್ಷ ಮಧ್ಯಾಹ್ನ ಹನ್ನೆರಡಕ್ಕೆ ಗೇಟಿನ ಹೊರಗೆ ನಿಂತವನನ್ನು ಯಾವ ಸರ್ವೆ ಕೇಳಿತ್ತು?

ಎರಡನೆಯದು ಇದಕ್ಕಿಂತ ಮುಖ್ಯ. ಪಾರ್ಕು ಅಂದರೆ ಬೆಂಚು, ಬಣ್ಣ ಅಷ್ಟೇ ಅಲ್ಲ ಸ್ವಾಮಿ, ಅದು ಜಾಗ. ಬೆಂಗಳೂರಲ್ಲಿ ಜಾಗ ಅಂದರೆ ಏನು ಅಂತ ನಿಮಗೆ ಹೇಳಬೇಕಾಗಿಲ್ಲ. ಬಿಡಿಎ ಬಡಾವಣೆಯಲ್ಲಿ ಶೇಕಡಾ 15ರಷ್ಟು ಜಾಗ ಪಾರ್ಕಿಗೂ ಆಟದ ಮೈದಾನಕ್ಕೂ ಬಿಡಬೇಕು ಅಂತ ಕಾನೂನಿದೆ. ಪಾರ್ಕುಗಳನ್ನು ಕಾಪಾಡಲು 1985ರ ರಾಜ್ಯ ಕಾಯ್ದೆಯೂ ಇದೆ. ಕಾನೂನು ಇದ್ದರೆ ಸಾಕಾ?

ಇಲ್ಲಿಗೆ ಹತ್ತಿರದ ರಾಜಮಹಲ್ ವಿಲಾಸ್ ಬಡಾವಣೆಯ ಕಥೆ ಕೇಳಿ. ಯೋಜನೆಯಲ್ಲಿ ಪಾರ್ಕಿಗೆ ಅಂತ ಬಿಟ್ಟಿದ್ದ ಜಾಗವನ್ನು 1976ರಲ್ಲಿ ಒಂದು ಟ್ರಸ್ಟಿಗೆ ಖಾಸಗಿ ನರ್ಸಿಂಗ್ ಹೋಮ್ ಕಟ್ಟಲು ಕೊಟ್ಟರು, ಅದೂ ಮುಖ್ಯಮಂತ್ರಿಗಳ ಸೂಚನೆ ಮೇರೆಗೆ. ಕೋರ್ಟಿಗೆ ಹೋಗಿದ್ದು ಯಾವ ಪ್ಲಾನರ್ರೂ ಅಲ್ಲ, ಅಲ್ಲಿನ ನಿವಾಸಿಗಳು. ಹೈಕೋರ್ಟಿನ ಏಕಸದಸ್ಯ ಪೀಠದಲ್ಲಿ ಸೋತು, ವಿಭಾಗೀಯ ಪೀಠದಲ್ಲಿ ಗೆದ್ದು, ಕೊನೆಗೆ 1991ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಗೆದ್ದರು. ಪ್ರಶ್ನಿಸಲು ಈ ನಿವಾಸಿಗಳಿಗೆ ಹಕ್ಕೇನಿದೆ ಎಂಬ ವಾದವನ್ನು ಕೋರ್ಟು ಒಪ್ಪಲಿಲ್ಲ. ಒಂದು ಪಾರ್ಕಿಗೆ ಹದಿನೈದು ವರ್ಷ!

ಅಂಥ ಹೋರಾಟಕ್ಕೆ ಏನು ಬೇಕು? ಕಾಗದ. ಬಡಾವಣೆಯ ಮೂಲ ನಕ್ಷೆಯಲ್ಲಿ ಪಾರ್ಕು ಎಷ್ಟಿತ್ತು, ಈಗ ಎಷ್ಟಿದೆ, ಮೂಲೆಯಲ್ಲಿ ಎದ್ದಿರೋ ಕಟ್ಟಡ ಯಾವುದು ಅನ್ನೋ ಲೆಕ್ಕ. ಅಳತೆ ಹಿಡಿಯೋದು, ನಕ್ಷೆ ಬರೆಯೋದು ಆರ್ಕಿಟೆಕ್ಚರ್ ಹುಡುಗರಿಗೆ ಬರುವ ವಿದ್ಯೆ. ಅದನ್ನು ಮಾಡಿಕೊಡಲಿ! ಮತ್ತಿಕೆರೆಯ ಜೆ.ಪಿ. ಪಾರ್ಕು ದೊಡ್ಡದು, ಎಲ್ಲರ ಕಣ್ಣೂ ಅದರ ಮೇಲಿದೆ. ಬೀದಿ ಕೊನೆಯ ಸಣ್ಣ ಪಾರ್ಕನ್ನು ಅಳೆಯೋರು ಯಾರು?

ಹೀಗೂ ಆಗಿದೆ ಅನ್ನೋದಕ್ಕೆ ದೂರದ ಒಂದು ಉದಾಹರಣೆ. ಅಮೆರಿಕದ ಈಸ್ಟ್ ಸೇಂಟ್ ಲೂಯಿಸ್ ಅನ್ನೋ ಬಡ ಊರು. 1990ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಕೆನೆತ್ ರಿಯರ್ಡನ್ ಅನ್ನೋ ಮೇಷ್ಟ್ರು ಅಲ್ಲಿನ ಎಮರ್ಸನ್ ಪಾರ್ಕ್ ಬಡಾವಣೆಗೆ ಹೋದರು. ಅಧ್ಯಯನ ಮಾಡಿಸಿಕೊಂಡೇ ಬೇಸತ್ತಿದ್ದ ಜನ ಮೊದಲೇ ಷರತ್ತು ಹಾಕಿದರು: ಏನು ಮಾಡಬೇಕು ಅನ್ನೋದನ್ನು ನಾವು ಹೇಳ್ತೀವಿ, ಪ್ರತಿ ಹಂತದಲ್ಲೂ ನಾವಿರ್ತೀವಿ, ವರ್ಷಗಟ್ಟಲೆ ಇರೋದಾದರೆ ಮಾತ್ರ ಬನ್ನಿ. ಆಮೇಲೆ ಜನರೂ ವಿದ್ಯಾರ್ಥಿಗಳೂ ಸೇರಿ ಕಸ ತುಂಬಿದ್ದ ಜಾಗ ತೆರವು ಮಾಡಿ ಮಕ್ಕಳಿಗೆ ಆಟದ ಜಾಗ ಕಟ್ಟಿದರು. ವರದಿ ಅಲ್ಲ, ಆಟದ ಜಾಗ!

ನಾವೂ ಷರತ್ತು ಹಾಕೋಣ. ಒಂದು, ಮಧ್ಯಾಹ್ನ, ಸಂಜೆಯೂ ಬರಬೇಕು, ಹಮಾಲಿ, ಹೂ ಮಾರುವವರನ್ನೂ ಕೇಳಬೇಕು. ಎರಡು, ಮಾಡಿದ್ದನ್ನು ಕನ್ನಡದಲ್ಲಿ ಬರೆದು ಪಾರ್ಕಿನ ಗೇಟಿಗೇ ಅಂಟಿಸಬೇಕು, ಒಂದು ಪ್ರತಿ ನಮ್ಮ ಕೈಗೆ. ಮೂರು, ಈ ವರ್ಷದ ಹುಡುಗರು ನಿಲ್ಲಿಸಿದ ಕಡೆಯಿಂದ ಮುಂದಿನ ವರ್ಷದವರು ಶುರು ಮಾಡಬೇಕು. ಮತ್ತೆ ಮೊದಲಿನಿಂದ "ಆಂಟಿ, ಎರಡೇ ನಿಮಿಷ" ಬೇಡ.

"ಅದೆಲ್ಲ ಪಾಲಿಕೆ ಕೆಲಸ" ಅಂತೀರಾ? 2020ರ ಸೆಪ್ಟೆಂಬರಿನಲ್ಲಿ ಕಾರ್ಪೊರೇಟರ್‌ಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯಿಲ್ಲದೆ ಅಧಿಕಾರಿಗಳೇ ಆಳಿದರು. 2025ರಲ್ಲಿ ಒಂದು ಪಾಲಿಕೆ ಐದಾಯಿತು. ಕಚೇರಿ ಬದಲಾದಾಗಲೆಲ್ಲ ಕಡತ ಎಲ್ಲಿ ಹೋಗುತ್ತೋ ದೇವರಿಗೇ ಗೊತ್ತು. ಪಾರ್ಕಿನ ಎದುರು ಮನೆಯವರ ಬೀರುವಿನಲ್ಲಿರೋ ನಕ್ಷೆ ಮಾತ್ರ ಎಲ್ಲೂ ಹೋಗಲ್ಲ.

ಅಷ್ಟು ಮಾಡಿಕೊಟ್ಟರೆ ಹುಡುಗರಿಗೆ ನೂರಕ್ಕೆ ನೂರು ಮಾರ್ಕ್ಸ್ ಕೊಡಲಿ, ನಮ್ಮದೇನೂ ಅಭ್ಯಂತರವಿಲ್ಲ. ನೀವೇನಂತೀರಿ?