ಕೊಳಗ ಯಾರ ಕೈಯಲ್ಲಿದೆ?

ಬೆಂಗಳೂರಿನ ಬೀದಿಗಳಲ್ಲಿ ಹೊಸ ಬಗೆಯ 'ಪಾಲುದಾರರು' ಹುಟ್ಟಿಕೊಂಡಿದ್ದಾರೆ. ಇವರ ಆಸ್ತಿಯೆಂದರೆ ಕಂತಿನ ಮೇಲೆ ತಂದ ಒಂದು ಮೋಟಾರ್ ಸೈಕಲ್ಲು, ಬೆನ್ನಿಗೊಂದು ಚೌಕನೆಯ ಚೀಲ, ಹ್ಯಾಂಡಲಿಗೆ ಸಿಕ್ಕಿಸಿದ ಒಂದು ಮೊಬೈಲು. ಊಟ, ಔಷಧ, ಹಾಲು, ತರಕಾರಿ, ಕಾಗದಪತ್ರ ಯಾವುದನ್ನಾದರೂ ಹೊತ್ತು ಮನೆಬಾಗಿಲಿಗೆ ಮುಟ್ಟಿಸುವುದು ಇವರ ಕಸುಬು. ಕಂಪನಿಯ ಕಾಗದದಲ್ಲಿ ಇವರು ಕಾರ್ಮಿಕರಲ್ಲ, 'ಡೆಲಿವರಿ ಪಾರ್ಟ್ನರ್'ಗಳು. ಪಾಲುದಾರಿಕೆ ಎಂದರೇನೆಂಬುದನ್ನು ನಮ್ಮ ಓದುಗರಲ್ಲಿ ಅಂಗಡಿ ನಡೆಸುವವರು ಚೆನ್ನಾಗಿ ಬಲ್ಲರು. ಪಾಲುದಾರನು ಲೆಕ್ಕದ ಪುಸ್ತಕ ನೋಡುತ್ತಾನೆ, ದರ ಕಟ್ಟುವಾಗ ಮಾತಾಡುತ್ತಾನೆ, ಲಾಭದಲ್ಲಿ ಪಾಲು ಕೇಳುತ್ತಾನೆ. ಈ ಪಾಲುದಾರನಿಗೋ, ತಾನು ಹೊತ್ತ ಬಿರಿಯಾನಿಯ ಬೆಲೆಯಲ್ಲಿ ಹೋಟೆಲಿನವನಿಂದ ಕಂಪನಿ ಎಷ್ಟು ಮುರಿದುಕೊಂಡಿತು ಎಂಬುದೂ ತಿಳಿಯದು. ತನ್ನ ಕೂಲಿ ನಾಳೆ ಎಷ್ಟು ಎಂಬುದೂ ತಿಳಿಯದು.

ಬೆಂಗಳೂರಿನ ಸುದ್ದಿ ನಮಗೇಕೆ ಎಂದು ಯಾರೂ ಕೇಳಬೇಡಿ. ಆ ಚೀಲ ಹೊತ್ತವರು ಯಾರು? ಗೇಟಿಗೆ ಬೀಗ ಬಿದ್ದ ಮಿಲ್ಲುಗಳ ಕಾರ್ಮಿಕರ ಮಕ್ಕಳು. ಮಳೆ ಕೈಕೊಟ್ಟ ಹೊಲಗಳ ಮಕ್ಕಳು. ರಾಯಚೂರು, ಯಾದಗಿರಿ, ಹಾವೇರಿ ಕಡೆಯಿಂದ ರಾತ್ರಿ ಬಸ್ಸು ಹತ್ತಿದ ಹುಡುಗರು. ಅವರ ಪಕ್ಕದಲ್ಲೇ ಒಡಿಶಾ, ಬಿಹಾರ, ಅಸ್ಸಾಮಿನಿಂದ ಬಂದವರು. ಹೀಗೆ ಹಾಜರಿ ಪುಸ್ತಕವಿಲ್ಲದೆ ದುಡಿಯುವವರು ದೇಶದಲ್ಲಿ 2020-21ರಲ್ಲಿ 77 ಲಕ್ಷ ಮಂದಿ ಇದ್ದರೆಂದು, 2029-30ರ ಹೊತ್ತಿಗೆ 2 ಕೋಟಿ 35 ಲಕ್ಷವಾಗುವರೆಂದು ನೀತಿ ಆಯೋಗ 2022ರ ವರದಿಯಲ್ಲಿ ಅಂದಾಜು ಮಾಡಿತು. ಇದು ಒಂದು ಊರಿನ ಮಾತಲ್ಲ.

ಆತನ ದಿನ ಹೇಗೆ ಕಳೆಯುತ್ತದೆ ನೋಡೋಣ. ಮೊಬೈಲು ಕಿರುಗುಟ್ಟುತ್ತದೆ: ಇಷ್ಟು ಕಿಲೋಮೀಟರು, ಇಷ್ಟು ರೂಪಾಯಿ. ಒಪ್ಪಲು ಕೆಲವೇ ಸೆಕೆಂಡು. ಹೋಟೆಲಿನ ಹಿಂಬಾಗಿಲಲ್ಲಿ ನಿಲ್ಲಬೇಕು. ಅಡುಗೆ ತಡವಾದರೆ ಆ ತಡ ಇವನ ಹೊಟ್ಟೆಯ ಮೇಲೆ. ಕೋರಮಂಗಲದಿಂದ ಹೊರಟು ಸಿಲ್ಕ್ ಬೋರ್ಡಿನ ಜಾತ್ರೆಯಲ್ಲಿ ನುಸುಳಬೇಕು. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಹೆಸರು ಬರೆಯಬೇಕು. ನಿವಾಸಿಗಳ ಲಿಫ್ಟು ಖಾಲಿ ನಿಂತಿದ್ದರೂ ಸಾಮಾನಿನ ಲಿಫ್ಟಿಗೆ ಕಾಯಬೇಕು. ಹದಿನಾಲ್ಕನೆಯ ಮಹಡಿಯಲ್ಲಿ ಬಾಗಿಲು ಅರ್ಧ ತೆರೆದು, ಕೈಯೊಂದು ಹೊರಬಂದು, ಪೊಟ್ಟಣ ಒಳಗೆ ಹೋಗುತ್ತದೆ. ಆ ಮನೆಯವರಿಗೆ ಒಂದು ಲೋಟ ನೀರು ಕೊಡಬೇಕೆಂದು ಹೊಳೆದರೆ ಅದು ಅವರ ಒಳ್ಳೆಯತನ. ಕಾದ ಹೊತ್ತಿಗೆ, ಖಾಲಿ ಮರಳುವ ದಾರಿಗೆ ಹೆಚ್ಚಿನ ವೇಳೆ ಕೂಲಿಯಿಲ್ಲ. ಪೆಟ್ರೋಲು ಅವನದು, ಟೈರು ಅವನದು, ಪೊಲೀಸರ ದಂಡ ಅವನದು, ಬಿದ್ದರೆ ಮುರಿಯುವ ಮೂಳೆಯೂ ಅವನದೇ. ಉತ್ಪಾದನಾ ಸಾಧನಗಳು ಬಂಡವಾಳಗಾರನ ಕೈಯಲ್ಲಿರುತ್ತವೆ ಎಂದು ನಾವು ಹಿಂದಿನಿಂದ ಹೇಳುತ್ತ ಬಂದೆವು. ಈ ಚತುರರು ಸಾಧನದ ಸಾಲವನ್ನೂ ಕೂಲಿಕಾರನ ತಲೆಗೇ ಕಟ್ಟಿ, ಒಂದನ್ನು ಮಾತ್ರ ತಮ್ಮ ಕೈಯಲ್ಲಿಟ್ಟುಕೊಂಡರು. ಅದು ಅಳತೆ.

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತದ್ದು ಯಾವುದರ ಮೇಲೆ? ಗದ್ದೆ ನಮಗೆ ಕೊಡಿ ಎಂದು ಅವರು ಮೊದಲ ದಿನವೇ ಕೇಳಲಿಲ್ಲ. ಧಣಿಯ ಮನೆಯ ದೊಡ್ಡ ಕೊಳಗದಲ್ಲಿ ಗೇಣಿ ಬತ್ತ ಅಳೆಯಬೇಡಿ, ನ್ಯಾಯದ ಕೊಳಗದಲ್ಲಿ ಅಳೆಯಿರಿ ಎಂದರು. ಅಷ್ಟು ಕೇಳಿದ್ದಕ್ಕೆ ಲಾಠಿ, ಜೈಲು. ಅಳತೆಯ ಪ್ರಶ್ನೆ ಎತ್ತಿದವನು ಒಡೆತನದ ಬುಡಕ್ಕೇ ಕೈ ಹಾಕಿದ್ದಾನೆಂದು ಧಣಿಗಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಅಂದಿನ ರೈತ ಒಂದು ವಿಷಯದಲ್ಲಿ ಇಂದಿನ ಸವಾರನಿಗಿಂತ ಮೇಲು. ಕೊಳಗ ಅವನ ಕಣ್ಣೆದುರಿಗಿತ್ತು. ದೊಡ್ಡದೆಂದು ತೋರಿಸಬಹುದಿತ್ತು, ಇನ್ನೊಂದು ಕೊಳಗ ತಂದು ಪಕ್ಕದಲ್ಲಿಡಬಹುದಿತ್ತು. ಇಂದಿನ ಕೊಳಗ ಮೊಬೈಲಿನ ಒಳಗಿದೆ. ಅದಕ್ಕೆ 'ಆಲ್ಗರಿದಮ್' ಎಂಬ ಹೆಸರಿದೆ. ಒಂದೇ ದೂರಕ್ಕೆ ಬೆಳಿಗ್ಗೆ ಒಂದು ದರ, ಸಂಜೆ ಒಂದು ದರ. ಇಷ್ಟು ಆರ್ಡರು ಮುಗಿಸಿದರೆ ಮೇಲೊಂದಿಷ್ಟು ಹಣವೆಂದು ಆಸೆ ತೋರಿಸುತ್ತದೆ. ಗುರಿಗೆ ಇನ್ನೆರಡು ಉಳಿದಿರುವಾಗ ಮೊಬೈಲು ಸದ್ದಿಲ್ಲದೆ ಕೂರುತ್ತದೆ ಎಂಬುದು ಸವಾರರು ಎಲ್ಲೆಡೆ ಹೇಳುವ ದೂರು. ಕಂಪನಿ ಬೇಕೆಂದೇ ಹೀಗೆ ಮಾಡುತ್ತದೆಯೋ, ಆ ಹೊತ್ತಿಗೆ ಆರ್ಡರುಗಳೇ ಇರುವುದಿಲ್ಲವೋ? ಪರೀಕ್ಷಿಸಿ ನೋಡುವ ದಾರಿ ಯಾರಿಗೂ ಇಲ್ಲ. ನಮ್ಮ ಆಕ್ಷೇಪ ಇರುವುದೇ ಅಲ್ಲಿ. ತಕ್ಕಡಿಯನ್ನು ಪರದೆಯ ಹಿಂದಿಟ್ಟು ತೂಗುವವನನ್ನು ಸಂತೆಯಲ್ಲಿ ಯಾರಾದರೂ ನಂಬುತ್ತಾರೆಯೇ?

ಈಗ 'ಹತ್ತು ನಿಮಿಷ'ದ ವಿಚಾರ. ಹತ್ತು ನಿಮಿಷದಲ್ಲಿ ಊಟ ಮುಟ್ಟಿಸುತ್ತೇವೆಂದು ಒಂದು ಕಂಪನಿ 2022ರ ಮಾರ್ಚಿಯಲ್ಲಿ ಸಾರಿದಾಗ ದೇಶದಲ್ಲಿ ಗದ್ದಲವಾಯಿತು. ಆಮೇಲೆ ದಿನಸಿಯವರು ಅದನ್ನೇ ಮಂತ್ರ ಮಾಡಿಕೊಂಡರು. ಬೆಂಗಳೂರಿನಲ್ಲಿ ಹತ್ತು ಕಿಲೋಮೀಟರು ಸಾಗಲು ಸರಾಸರಿ 34 ನಿಮಿಷ ಹಿಡಿಯಿತೆಂದು ಟಾಮ್‌ಟಾಮ್ ಸಂಸ್ಥೆಯ 2024ರ ಲೆಕ್ಕ. ಆ ವೇಗದಲ್ಲಿ ಹತ್ತು ನಿಮಿಷಕ್ಕೆ ಮೂರು ಕಿಲೋಮೀಟರೂ ಪೂರ್ತಿ ದಾಟದು. ಪೊಟ್ಟಣ ಕಟ್ಟುವ ಹೊತ್ತು, ಲಿಫ್ಟಿನ ಹೊತ್ತು ಬೇರೆ. ಕಂಪನಿಗಳ ಉತ್ತರ ಸಿದ್ಧವಾಗಿದೆ: ಉಗ್ರಾಣ ಹತ್ತಿರದಲ್ಲೇ ಇದೆ, ಸವಾರನಿಗೆ ನಾವು ಗಡಿಯಾರ ತೋರಿಸುವುದಿಲ್ಲ, ಓಡು ಎಂದು ಹೇಳುವುದಿಲ್ಲ. ಹೇಳಬೇಕಾಗಿಯೇ ಇಲ್ಲ. ನಗವೊಂದಕ್ಕೆ ಇಷ್ಟು ಎಂದು ಕೂಲಿ ಕಟ್ಟಿದ ಮೇಲೆ ಚಾಟಿ ಹಿಡಿಯುವ ಮೇಸ್ತ್ರಿ ಏಕೆ ಬೇಕು? ಒಂದು ಮಗ್ಗದ ಜಾಗದಲ್ಲಿ ಎರಡು, ಎರಡರ ಜಾಗದಲ್ಲಿ ನಾಲ್ಕು ಮಗ್ಗ ನೋಡಿದ ಮಿಲ್ಲಿನ ಬಂಧುಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೆಂಪು ದೀಪಕ್ಕೆ ನಿಂತ ಒಂದೊಂದು ನಿಮಿಷವೂ ತನ್ನ ಮನೆಯ ಅಕ್ಕಿಯಿಂದ ಹೋಗುತ್ತದೆಂದು ಸವಾರನಿಗೆ ಗೊತ್ತು. ಅವನು ಫುಟ್‌ಪಾತಿನ ಮೇಲೆ ಬಂಡಿ ಹತ್ತಿಸಿದಾಗ ಕಾರಿನಲ್ಲಿ ಕುಳಿತವರು ಬೈಯುತ್ತಾರೆ. ಬೈದವರು ಮನೆಗೆ ಹೋಗಿ ಆರ್ಡರು ಮಾಡುತ್ತಾರೆ.

2025ರ ಡಿಸೆಂಬರ್ 31ರಂದು, ವರ್ಷದ ಅತಿ ಲಾಭದ ರಾತ್ರಿ, ಸವಾರರ ಸಂಘಗಳು ದೇಶಾದ್ಯಂತ ಮುಷ್ಕರಕ್ಕೆ ಕರೆಕೊಟ್ಟವು. ಮುಂದಿನ ಜನವರಿಯಲ್ಲಿ ಕೇಂದ್ರದ ಕಾರ್ಮಿಕ ಸಚಿವರು ಕಂಪನಿಗಳೊಡನೆ ಮಾತಾಡಿದ ಮೇಲೆ ಒಂದು ದೊಡ್ಡ ಕಂಪನಿ ತನ್ನ ಜಾಹೀರಾತಿನಿಂದ 'ಹತ್ತು ನಿಮಿಷ' ಎಂಬ ಮಾತನ್ನು ತೆಗೆಯಿತು. ಬೋರ್ಡು ಅಳಿಸಿದರು, ಕೊಳಗ ಹಾಗೆಯೇ ಉಳಿಯಿತು.

ಅದೇ ದಿನಗಳಲ್ಲಿ ಇನ್ನೊಂದು ಸ್ವಾರಸ್ಯದ ಸಂಗತಿ ನಡೆಯಿತು. ಊಟ ಸಾಗಿಸುವ ಒಂದು ದೊಡ್ಡ ಕಂಪನಿಯ ಒಡೆಯರು ಲೆಕ್ಕ ಬಿಚ್ಚಿದರು: 2025ರಲ್ಲಿ ತಮ್ಮ ಸವಾರರಿಗೆ ಗಂಟೆಗೆ ಸರಾಸರಿ 102 ರೂಪಾಯಿ ಸಿಕ್ಕಿದೆ, ದಿನಕ್ಕೆ ಹತ್ತು ಗಂಟೆಯಂತೆ ತಿಂಗಳಿಗೆ 26 ದಿನ ದುಡಿದರೆ 26,500 ರೂಪಾಯಿ, ಪೆಟ್ರೋಲು ರಿಪೇರಿ ಕಳೆದು ಸುಮಾರು 21,000. ಒಡೆಯರ ಮಾತನ್ನೇ ಸತ್ಯವೆಂದು ಹಿಡಿಯೋಣ. ಬೆಂಗಳೂರಿನಲ್ಲಿ ಆಗ ಒಂದು ಲೀಟರು ಪೆಟ್ರೋಲಿನ ಬೆಲೆಯೂ 102 ದಾಟಿತ್ತು. ಎಂಟು ಗಂಟೆಯ ದಿನಕ್ಕಾಗಿ ನಮ್ಮ ಹಿರಿಯರು ಮುಷ್ಕರ ಹೂಡಿದರು, ಇವರು ಹತ್ತು ಗಂಟೆಯಿಂದಲೇ ಗುಣಾಕಾರ ಆರಂಭಿಸುತ್ತಾರೆ! ಉಳಿದ 21,000ದಲ್ಲಿ ಬಂಡಿಯ ಕಂತು, ಕೋಣೆಯ ಬಾಡಿಗೆ, ಊರಿಗೆ ಕಳಿಸುವ ಹಣ ಎಲ್ಲವೂ ಬರಬೇಕು, ಜ್ವರ ಬರಬಾರದು. ಅದೂ ಇರಲಿ. ಸರಾಸರಿ 102 ಎಂದು ಎದೆ ತಟ್ಟಿ ಹೇಳುವವರು, ಮೊಬೈಲು ತೆರೆದಿಟ್ಟ ಪ್ರತಿ ಗಂಟೆಗೆ ಕನಿಷ್ಠ 102 ಎಂದು ಬರೆದುಕೊಡಲಿ. ಇನ್ನೂ ತುಸು ಇಳಿಸಿಯೇ ಬರೆದುಕೊಡಲಿ. ಬರೆದುಕೊಡುವುದಿಲ್ಲ. ಸರಾಸರಿಯಲ್ಲಿ ಯಾರಿಗೂ ಸಾಲವಿಲ್ಲ. ಕನಿಷ್ಠ ಎಂದು ಬರೆದರೆ ಅದು ಋಣ.

'ಅವರಿಗೆ ಸ್ವಾತಂತ್ರ್ಯವಿದೆ, ಬೇಕಾದಾಗ ಬರಬಹುದು, ಬೇಡವಾದಾಗ ಬಿಡಬಹುದು' ಎಂಬುದು ಕಂಪನಿಗಳ ಕೊನೆಯ ಕೋಟೆ. ಹುಡುಗರಲ್ಲೂ ಕೆಲವರು ಈ ಮಾತನ್ನು ಒಪ್ಪುತ್ತಾರೆ. ಮೇಸ್ತ್ರಿಯ ಬೈಗುಳವಿಲ್ಲದ ಕೆಲಸ ಯಾರಿಗೆ ಬೇಡ? ಆದರೆ ಈ ಸ್ವಾತಂತ್ರ್ಯ ಬಟ್ಟೆ ಗಿರಣಿಗಳಲ್ಲಿ ಬಹಳ ಹಳೆಯದು. 'ಬದಲಿ' ಕಾರ್ಮಿಕನಿಗೂ ಅದಿತ್ತು. ಬೆಳಗಾಗೆದ್ದು ಗೇಟಿಗೆ ಬರುವ ಸ್ವಾತಂತ್ರ್ಯ, ಖಾಯಂ ಕೆಲಸಗಾರನೊಬ್ಬ ಗೈರುಹಾಜರಾದರೆ ಒಳಗೆ ಹೋಗುವ ಸ್ವಾತಂತ್ರ್ಯ, ಇಲ್ಲದಿದ್ದರೆ ಬರಿಗೈಲಿ ಮನೆಗೆ ಮರಳುವ ಸ್ವಾತಂತ್ರ್ಯ. ಕರೆಯುವ ಜಾಬರನಿಗೆ ಲಂಚ ಕೊಟ್ಟವನಿಗೇ ಪಾಳಿ. ಕಾರ್ಮಿಕರ ಕೂಗು ಎಷ್ಟಾಯಿತೆಂದರೆ 1935ರಲ್ಲಿ ಮುಂಬಯಿಯ ಗಿರಣಿ ಮಾಲೀಕರ ಸಂಘವೇ ಬದಲಿಯವರಿಗೆ ಕಾರ್ಡು ಕೊಡುವ ಪದ್ಧತಿ ತರಬೇಕಾಯಿತು. ಇಂದಿನ ಸವಾರ ಗೇಟೇ ಇಲ್ಲದ ಗಿರಣಿಯ ಬದಲಿ. ಗ್ರಾಹಕನೊಬ್ಬ ಸಿಟ್ಟಿನಿಂದ ಒಂದು ನಕ್ಷತ್ರ ಒತ್ತಿದರೆ ರೇಟಿಂಗು ಇಳಿಯುತ್ತದೆ. ಮೇಲಿಂದ ಮೇಲೆ ಇಳಿದರೆ 'ಐಡಿ ಬ್ಲಾಕ್'. ನೋಟೀಸಿಲ್ಲ, ವಿಚಾರಣೆಯಿಲ್ಲ, ಬೆಳಿಗ್ಗೆ ಎದ್ದು ನೋಡಿದರೆ ಮೊಬೈಲು ತೆರೆಯುವುದಿಲ್ಲ. ಹೋಗಿ ಕೇಳೋಣವೆಂದರೆ ಜಾಬರನ ಮುಖವೂ ಇಲ್ಲ.

ಇವರು ಕಾರ್ಮಿಕರೋ ಅಲ್ಲವೋ ಎಂಬ ತರ್ಕವೂ ಹೊಸದಲ್ಲ. ಸೌರಾಷ್ಟ್ರದ ಧ್ರಾಂಗಧ್ರಾ ಕಂಪನಿಯವರು ತಮ್ಮ ಉಪ್ಪಿನ ಗದ್ದೆಗಳ ಅಗರಿಯಾಗಳನ್ನು ಇವರು ಸ್ವತಂತ್ರ ಗುತ್ತಿಗೆದಾರರು ಎಂದು ವಾದಿಸಿದ್ದರು. ಮಣಕ್ಕೆ ಇಷ್ಟು ಎಂದು ಕೂಲಿ, ಗೊತ್ತಾದ ವೇಳೆಯಿಲ್ಲ, ಹೆಂಡಿರು ಮಕ್ಕಳೊಡನೆ ದುಡಿಮೆ. 1956ರಲ್ಲಿ ಸುಪ್ರೀಂ ಕೋರ್ಟು ಆ ವಾದವನ್ನು ತಳ್ಳಿಹಾಕಿತು. ಕೆಲಸದ ರೀತಿಯ ಮೇಲೆ ಕಂಪನಿಯ ಹಿಡಿತವಿದೆ, ಆದ್ದರಿಂದ ಅವರು ಕಾರ್ಮಿಕರೇ ಎಂದಿತು. ಉಪ್ಪಿನ ಗದ್ದೆಯಲ್ಲಿ ಮೇಲ್ವಿಚಾರಕ ದಿನಕ್ಕೊಮ್ಮೆ ಸುತ್ತು ಬಂದಾನು; ಸವಾರ ಯಾವ ತಿರುವಿನಲ್ಲಿ ನಿಂತಿದ್ದಾನೆಂದು ಕಂಪನಿಗೆ ಕ್ಷಣಕ್ಷಣಕ್ಕೂ ತಿಳಿಯುತ್ತದೆ. ಇದಕ್ಕಿಂತ ಹಿಡಿತ ಇನ್ನಾವುದು? ಬ್ರಿಟನ್ನಿನ ಸುಪ್ರೀಂ ಕೋರ್ಟು 2021ರಲ್ಲಿ ಊಬರ್ ಚಾಲಕರು ಕಾರ್ಮಿಕ ಹಕ್ಕುಗಳುಳ್ಳವರೆಂದು ತೀರ್ಪಿತ್ತಿತು. ಸ್ಪೇನ್ ಅದೇ ವರ್ಷ ಊಟ ಸಾಗಿಸುವ ಸವಾರರನ್ನು ನೌಕರರೆಂದೇ ಭಾವಿಸಬೇಕೆಂದು ಕಾನೂನು ಮಾಡಿತು. ಆಲ್ಗರಿದಮ್ಮಿನ ನಿಯಮಗಳನ್ನು ಕಾರ್ಮಿಕರ ಪ್ರತಿನಿಧಿಗಳಿಗೆ ತಿಳಿಸಬೇಕೆಂದೂ ಕಟ್ಟಳೆ ಹಾಕಿತು. ಕೊಳಗವನ್ನು ಬೆಳಕಿಗೆ ಹಿಡಿಯುವುದು ಆಗದ ಕೆಲಸವಲ್ಲ.

ನಮ್ಮ ರಾಜ್ಯ ಸರ್ಕಾರ 2025ರಲ್ಲಿ ಈ ಕಾರ್ಮಿಕರಿಗಾಗಿ ಒಂದು ಕಾಯ್ದೆ ತಂದಿದೆ. ಹೊಗಳಬೇಕಾದ್ದನ್ನು ಹೊಗಳೋಣ. ಕಲ್ಯಾಣ ಮಂಡಳಿ, ಸವಾರನಿಗೆ ಪಾವತಿಯಾಗುವ ಹಣದ ಮೇಲೆ ಕಂಪನಿಯಿಂದ ಶೇಕಡ 1ರಿಂದ 5ರವರೆಗೆ ಶುಲ್ಕ, ಕೆಲಸದಿಂದ ತೆಗೆಯುವ ಮುನ್ನ ಲಿಖಿತ ಕಾರಣ ಮತ್ತು 14 ದಿನದ ನೋಟೀಸು, ಯಂತ್ರದ ತೀರ್ಮಾನಗಳ ಬಗ್ಗೆ ಮಾಹಿತಿ ಕೇಳುವ ಹಕ್ಕು, ಇಷ್ಟೂ ಕಾಯ್ದೆಯಲ್ಲಿವೆ. ಆದರೆ ಗಂಟೆಗೆ, ಕಿಲೋಮೀಟರಿಗೆ ಕನಿಷ್ಠ ಕೂಲಿ ಎಷ್ಟೆಂಬುದನ್ನು ಅದು ಕಟ್ಟುವುದಿಲ್ಲ. ದೆಹಲಿಯ ಸಂಹಿತೆಯಂತೂ (2020ರಲ್ಲಿ ಪಾಸಾಗಿ 2025ರ ನವೆಂಬರ್ 21ರಂದು ಜಾರಿಗೆ ಬಂದದ್ದು) ಇವರನ್ನು ಮಾಲೀಕ-ನೌಕರ ಸಂಬಂಧದ ಹೊರಗಿನವರೆಂದು ವ್ಯಾಖ್ಯೆಯಲ್ಲೇ ಬರೆದುಬಿಟ್ಟಿತು. ಗೇಣಿದಾರನಿಗೆ ವಿಮೆ ಕೊಟ್ಟು, ಕೊಳಗವನ್ನು ಧಣಿಯ ಅಟ್ಟದ ಮೇಲೆಯೇ ಇಟ್ಟ ಹಾಗಾಯಿತು.

ವರ್ತಕ ಬಂಧುಗಳಿಗೆ ಒಂದು ಮಾತು. ಹುಡುಗರ ಕೂಲಿ ಏರಿದರೆ ನಮಗೇನು ಎನ್ನಬೇಡಿ. ಒಬ್ಬ ಹುಡುಗನನ್ನಿಟ್ಟುಕೊಂಡ ಕಿರಾಣಿ ಅಂಗಡಿಯವನಿಗೆ 1961ರ ಕಾಯ್ದೆಯ ಕಾಲದಿಂದ ವಾರದ ರಜೆ, ಕೆಲಸದ ವೇಳೆ, ಹಾಜರಿ, ಸಂಬಳದ ಕಟ್ಟುಪಾಡುಗಳಿವೆ. ಇನ್‌ಸ್ಪೆಕ್ಟರು ಬಂದರೆ ಎದ್ದು ನಿಲ್ಲಬೇಕು. ಲಕ್ಷಗಟ್ಟಲೆ ಸವಾರರನ್ನು ಓಡಿಸುವ ಕಂಪನಿ ಮಾತ್ರ, ತನಗೆ ನೌಕರರೇ ಇಲ್ಲ, ಪಾಲುದಾರರಿದ್ದಾರೆ ಎನ್ನುತ್ತದೆ. ಎದುರು ಬಾಗಿಲೇ ಇಲ್ಲದ 'ಡಾರ್ಕ್ ಸ್ಟೋರ್' ಎಂಬ ಉಗ್ರಾಣಗಳನ್ನು ಓಣಿಗಳಲ್ಲಿ ತೆರೆದು, ಹೂಡಿಕೆದಾರರ ಹಣದಿಂದ ನಷ್ಟ ತುಂಬಿಕೊಂಡು, ನೀವು ತೂಗುವ ಸಕ್ಕರೆಯನ್ನು ನಿಮಗಿಂತ ಅಗ್ಗವಾಗಿ ಮನೆಗೆ ಮುಟ್ಟಿಸುತ್ತದೆ. ಆ ಅಗ್ಗದಲ್ಲಿ ಒಂದು ಪಾಲು ಸವಾರನ ಕೂಲಿಯಿಲ್ಲದ ಕಾಯುವಿಕೆ. ಅವನಿಗೆ ನ್ಯಾಯದ ಕೂಲಿ ಸಿಕ್ಕ ದಿನ ನಿಮ್ಮ ತಕ್ಕಡಿಗೂ ಅವರ ತಕ್ಕಡಿಗೂ ಇರುವ ಅಂತರ ಕಡಿಮೆಯಾಗುತ್ತದೆ. ಅವನನ್ನು ಅಂಗಡಿ ಕಟ್ಟೆಯಿಂದ ಎಬ್ಬಿಸಿ ಕಳಿಸುವ ಮೊದಲು ಇದನ್ನು ಯೋಚಿಸಿ.

ನಾವು ಕೇಳುವುದು ದೊಡ್ಡದೇನೂ ಅಲ್ಲ. ಮೊಬೈಲು ತೆರೆದ ಗಂಟೆಯಿಂದ ಮುಚ್ಚುವ ಗಂಟೆಯವರೆಗೆ, ಕಾದ ಹೊತ್ತೂ ಸೇರಿ, ಸರ್ಕಾರ ಕಟ್ಟಿದ ಕನಿಷ್ಠ ಕೂಲಿ; ಮರಳುವ ದಾರಿಗೂ ಕಿಲೋಮೀಟರಿನ ದರ; ದರ ಕಟ್ಟುವ ಸೂತ್ರ ಕನ್ನಡದಲ್ಲಿ ಅಚ್ಚಾಗಿ ಎಲ್ಲರಿಗೂ ಕಾಣುವಂತಿರುವುದು; ಆ ಸೂತ್ರ ಬದಲಿಸುವ ಮೊದಲು ಸವಾರರ ಸಂಘದೊಡನೆ ಮಾತುಕತೆ. ಮುಂದಿನ ಅಧಿವೇಶನದಲ್ಲಿ ಕಾಯ್ದೆಗೆ ಈ ತಿದ್ದುಪಡಿ ತರಬೇಕೆಂದು ಜಿಲ್ಲೆಯ ಶಾಸಕರನ್ನು ಬರವಣಿಗೆಯಲ್ಲಿ ಕೇಳುತ್ತಿದ್ದೇವೆ. ಅವರ ಉತ್ತರವನ್ನು, ಉತ್ತರ ಕೊಡದವರ ಹೆಸರನ್ನು ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.

ನಿಮ್ಮ ಮನೆಯ ಹುಡುಗ ಬೆಂಗಳೂರಿನಲ್ಲಿ ಈ ಕೆಲಸದಲ್ಲಿದ್ದರೆ, ದಿನದಿನದ ದರ ಮತ್ತು ದೂರ ತೋರಿಸುವ ಪರದೆಯ ಚಿತ್ರವನ್ನು ತೆಗೆದಿಟ್ಟುಕೊಳ್ಳಲು ಹೇಳಿ. ಕಾರಣ ಬರೆದುಕೊಡದೆ ಐಡಿ ಮುಚ್ಚಿಸಿಕೊಂಡವರು ಊರಿಗೆ ಬಂದಾಗ ಆ ಚಿತ್ರಗಳೊಡನೆ ನಮ್ಮ ಕಾರ್ಯಾಲಯಕ್ಕೆ ಬರಲಿ. ಅರ್ಜಿ ಬರೆದುಕೊಡುವ ಕೆಲಸ ನಮ್ಮದು.