ಸನ್ನೆಗೋಲಿನ ಜಮಾ-ಖರ್ಚು

ಮಕ್ಕಳೇ, ಈ ವಾರದ ಲೆಕ್ಕ ದುಡ್ಡಿನದಲ್ಲ, ಬೆವರಿನದು.

ಆರು, ಏಳನೇ ತರಗತಿಗೆ ಬರುವ ಹೊತ್ತಿಗೆ ಸರಳ ಯಂತ್ರಗಳ ಹೆಸರು ನಿಮಗೆ ಬಾಯಿಪಾಠವಾಗಿರುತ್ತದೆ. ಸನ್ನೆ, ರಾಟೆ, ಇಳಿಜಾರು, ಬೆಣೆ, ತಿರುಪು, ಚಕ್ರ ಮತ್ತು ಅಚ್ಚು. ಪರೀಕ್ಷೆಯಲ್ಲಿ ಕೇಳಿದರೆ ಬರೆದೂ ಬಿಡುತ್ತೀರಿ. ಆದರೆ ಇವುಗಳಲ್ಲಿ ನಾಲ್ಕನ್ನು ಮನೆಯಲ್ಲೇ ತೋರಿಸಿ ಅಂದರೆ ಹೆಚ್ಚಿನವರು ತಲೆ ಕೆರೆದುಕೊಳ್ಳುತ್ತೀರಿ. ಅಜ್ಜಿಯ ಅಡಕತ್ತರಿ ಸನ್ನೆ. ಈಳಿಗೆಮಣೆಯ ಅಲಗು ಬೆಣೆ. ಹಿತ್ತಲ ಬಾವಿಯ ಗಡಗಡೆಯೇ ರಾಟೆ. ಹಿಡಿ ತಿರುಗಿಸಿ ಒತ್ತುವ ಚಕ್ಕುಲಿ ಒರಳಿನಲ್ಲಿ ಇರುವುದು ತಿರುಪು.

ನಾನು ಓದಿದ್ದು ಬಿ.ಕಾಂ., ಸವೆಸಿದ್ದು ಬ್ಯಾಂಕಿನ ಗುಮಾಸ್ತನ ಕುರ್ಚಿ. ವಿಜ್ಞಾನ ಹೇಳಲು ಇವನ್ಯಾರು ಅಂತ ನೀವು ಕೇಳಬಹುದು. ಆದರೆ ಸರಳ ಯಂತ್ರದ ನಿಯಮ ನಮ್ಮ ಖಾತೆ ಪುಸ್ತಕದ ನಿಯಮವೇ. ಒಂದು ಕಡೆ ಜಮಾ ಆದದ್ದು ಇನ್ನೊಂದು ಕಡೆ ಖರ್ಚು ಬೀಳಲೇಬೇಕು. ಅಡಕತ್ತರಿಯ ಕೀಲಿನಿಂದ ಅಡಿಕೆ 2 ಸೆಂಟಿಮೀಟರ್ ದೂರದಲ್ಲಿ, ಅಜ್ಜಿಯ ಕೈ 12 ಸೆಂಟಿಮೀಟರ್ ದೂರದಲ್ಲಿ ಇದ್ದರೆ, ಕೈ ಹಾಕಿದ ಬಲ ಅಡಿಕೆಯ ಮೇಲೆ ಆರು ಪಟ್ಟು ಬೀಳುತ್ತದೆ. ಪುಕ್ಕಟೆಯೇ? ಇಲ್ಲ. ಅಲಗು ಒಂದು ಸೆಂಟಿಮೀಟರ್ ಇಳಿಯಬೇಕಾದರೆ ಕೈ ಆರು ಸೆಂಟಿಮೀಟರ್ ಸರಿಯಬೇಕು. ಬಲದಲ್ಲಿ ಉಳಿಸಿದ್ದನ್ನು ಯಂತ್ರ ದೂರದಲ್ಲಿ ವಸೂಲು ಮಾಡಿಕೊಳ್ಳುತ್ತದೆ. ನಂಬಿಕೆ ಬಾರದಿದ್ದರೆ 30 ಸೆಂಟಿಮೀಟರಿನ ಸ್ಕೇಲನ್ನು ನಡುವೆ ಪೆನ್ಸಿಲ್ ಇಟ್ಟು ತೂಗಿಸಿ. ಪೆನ್ಸಿಲಿನಿಂದ 4 ಸೆಂಟಿಮೀಟರ್ ದೂರದಲ್ಲಿ ಮೂರು ನಾಣ್ಯ ಇಟ್ಟರೆ, ಇನ್ನೊಂದು ಬದಿಗೆ 12 ಸೆಂಟಿಮೀಟರಿನಲ್ಲಿ ಅಂಥದೇ ಒಂದು ನಾಣ್ಯ ಸಾಕು.

ಈಗ ಅಪ್ಪ-ಅಮ್ಮಂದಿರಿಗೆ ಎರಡು ಮಾತು. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಇನ್‌ಸ್ಪೈರ್-ಮಾನಕ್ ಯೋಜನೆ ನಿಮಗೆ ಗೊತ್ತಿರಬಹುದು. ಆರನೇ ತರಗತಿಯಿಂದ ಮೇಲಿನ ಮಕ್ಕಳು ತಮ್ಮದೇ ಹೊಸ ಯೋಚನೆಯನ್ನು ಶಾಲೆಯ ಮೂಲಕ ಕಳಿಸಬಹುದು. ಆಯ್ಕೆಯಾದರೆ ಮಾದರಿ ತಯಾರಿಸಲು ಮಗುವಿನ ಬ್ಯಾಂಕ್ ಖಾತೆಗೇ 10,000 ರೂಪಾಯಿ ಬರುತ್ತದೆ. ಒಳ್ಳೆಯ ಯೋಜನೆ. ಆದರೆ ಎಷ್ಟೋ ಮನೆಗಳಲ್ಲಿ ಯೋಚನೆ ಅಪ್ಪನದು, ಅಂಟು ಹಚ್ಚುವುದು ಅಮ್ಮ, ಮೋಟಾರು ಅಂಗಡಿಯದು, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವುದಷ್ಟೇ ಮಗುವಿನ ಪಾಲು. ವಿಜ್ಞಾನ ಮೇಳಕ್ಕೆ ಹೋದರೆ ಸಾಲಾಗಿ ಥರ್ಮಾಕೋಲಿನ ಜ್ವಾಲಾಮುಖಿಗಳು! ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ ಜ್ವಾಲಾಮುಖಿಯಿಂದ ತೊಂದರೆಗೆ ಒಳಗಾದವರು ಯಾರಿದ್ದಾರೋ ಕಾಣೆ.

ಯಾರಿಗೋ ನಿಜವಾಗಿ ಇರುವ ಕಷ್ಟದಿಂದ ಹೊರಟರೆ ಮಕ್ಕಳ ಕೈಯಲ್ಲಿ ಏನಾಗುತ್ತದೆ ಅನ್ನುವುದನ್ನು ನಾನು ಈಚೆಗೆ ನೋಡಿದೆ. ನಮ್ಮ ಬಡಾವಣೆಯ ಶಾಲೆಯ ವಿಜ್ಞಾನದ ಟೀಚರ್ ಏಳನೇ ತರಗತಿಗೆ ಒಂದೇ ಪ್ರಶ್ನೆ ಕೊಟ್ಟಿದ್ದರು: “ನಿಮಗೆ ಗೊತ್ತಿರುವ ಒಬ್ಬರ ಮೈಕೈ ನೋವು ಕಡಿಮೆ ಮಾಡುವ ಯಂತ್ರ ಯೋಚಿಸಿ. ಕರೆಂಟು, ಮೋಟಾರು ಇರಬಾರದು.” ಅಳತೆ, ಲೆಕ್ಕ ನೋಡಲು ಶನಿವಾರ ಬೆಳಿಗ್ಗೆ ನನ್ನನ್ನು ಕರೆದರು.

ಒಬ್ಬಳು ಅಜ್ಜಿಯ ಬಾವಿಗೆ ಇನ್ನೊಂದು ರಾಟೆ ಸೇರಿಸಿ ಕೊಡದ ಭಾರವನ್ನು ಅರ್ಧ ಮಾಡಿದಳು. 20 ಅಡಿ ಆಳಕ್ಕೆ 40 ಅಡಿ ಹಗ್ಗ ಎಳೆಯಬೇಕು ಅಂದಾಗ ಅಜ್ಜಿ, “ಅಷ್ಟು ಎಳೆಯೋ ಹೊತ್ತಿಗೆ ಕಾವಲಿ ಮೇಲಿನ ದೋಸೆ ಸೀದು ಹೋಗುತ್ತೆ ಕಣೇ” ಅಂದರಂತೆ. ಅದು ಇನ್ನೊಂದು ಕಥೆ.

ಇನ್ನೊಂದು ಗುಂಪು ಆರಿಸಿಕೊಂಡದ್ದು ತಮ್ಮ ತರಗತಿಯ ಗೆಳೆಯನನ್ನು. ಅವನಿಗೆ ನಡೆಯಲಾಗದು, ಗಾಲಿಕುರ್ಚಿಯಲ್ಲಿ ಬರುತ್ತಾನೆ. ಜಗಲಿಗೆ ಆರಾರು ಇಂಚಿನ ಮೂರು ಮೆಟ್ಟಿಲು, ಅಂದರೆ ಒಂದೂವರೆ ಅಡಿ. ದಿನಾ ನಾಲ್ವರು ಹಿಡಿದು ಕುರ್ಚಿ ಸಮೇತ ಎತ್ತಬೇಕು. ಅವರು ಬರದ ದಿನ ಅವನು ಕಾಯಬೇಕು.

ಹುಡುಗರು 6 ಅಡಿಯ ಹಲಗೆ ತಂದು ಮೆಟ್ಟಿಲಿಗೆ ಒರಗಿಸಿದರು. ಟೀಚರ್ ಜಾಣೆ, ಮೊದಲು ಮಗುವನ್ನು ಕೂರಿಸಲು ಬಿಡಲಿಲ್ಲ. ಬಿಸಿಯೂಟದ ಕೋಣೆಯಿಂದ ಅವನಷ್ಟೇ ತೂಕದ ಅಕ್ಕಿ ಮೂಟೆ ತರಿಸಿ ಕುರ್ಚಿಯಲ್ಲಿ ಕೂರಿಸಿದರು. ಹತ್ತಿಸುವಾಗ ದೊಡ್ಡ ಹುಡುಗ ಹೇಗೋ ಹತ್ತಿಸಿದ. ಇಳಿಸುವಾಗ ಕೈ ಜಾರಿತು ನೋಡಿ, ಮೂಟೆ ಅಂಗಳದಲ್ಲಿ! ಅಡುಗೆಯವರು ಸೌಟು ಹಿಡಿದುಕೊಂಡೇ ಹೊರಗೆ ಬಂದರು.

ಆಮೇಲೆ ಲೆಕ್ಕಕ್ಕೆ ಕೂತೆವು. ಹುಡುಗ 32 ಕಿಲೋ, ಕುರ್ಚಿ 16, ಒಟ್ಟು 48. ನೇರ ಎತ್ತಿದರೆ 48 ಕಿಲೋ ಭಾರ, ಒಂದೂವರೆ ಅಡಿ ಎತ್ತರ. 6 ಅಡಿಯ ಹಲಗೆಯಾದರೆ 12 ಕಿಲೋ ಎತ್ತುವಷ್ಟು ಬಲ. 18 ಅಡಿಯಾದರೆ 4 ಕಿಲೋದಷ್ಟು ಸಾಕು. ಮೂರನ್ನೂ ಗುಣಿಸಿ ನೋಡಿ, 72, 72, 72. ಟ್ಯಾಲಿ! ನನಗಂತೂ ಮಾರ್ಚ್ ಕೊನೆಯ ರಾತ್ರಿ ಬ್ಯಾಲೆನ್ಸ್ ಶೀಟ್ ಹೊಂದಿದಷ್ಟು ಖುಷಿಯಾಯಿತು. ಲಗೇಜು ತೂಗುವ ಕೊಕ್ಕೆ ತಕ್ಕಡಿ ಸಿಕ್ಕಿಸಿ ಹಲಗೆಯ ಮೇಲೆ ಎಳೆದಾಗ ಅದು 12ರ ಬದಲು 14ರ ಹತ್ತಿರ ತೋರಿಸಿತು. ಅದು ಘರ್ಷಣೆ. ಬ್ಯಾಂಕಿನ ಭಾಷೆಯಲ್ಲಿ ಸೇವಾ ಶುಲ್ಕ ಅನ್ನಿ, ತಪ್ಪಿಸಿಕೊಳ್ಳಲು ಬರುವುದಿಲ್ಲ.

“12 ಕಿಲೋ ನಾವು ದೂಡ್ತೀವಿ ಬಿಡಿ ಅಜ್ಜಾ, ಹಲಗೆಗೆ ಅಕ್ಕಪಕ್ಕ ಕಟ್ಟೆ ಹಾಕಿದರೆ ಆಯ್ತು” ಅಂದ ದೊಡ್ಡ ಹುಡುಗ. ಅಷ್ಟು ಹೊತ್ತು ಸುಮ್ಮನಿದ್ದ ಗಾಲಿಕುರ್ಚಿಯ ಹುಡುಗ ಆಗ ಬಾಯಿಬಿಟ್ಟ. “ನನ್ನನ್ನ ಯಾರೂ ದೂಡೋದು ಬೇಡ. ನಾನೇ ಹತ್ತೋ ಹಾಗೆ ಮಾಡಿ.”

ನೋಡಿ, ಆ ಒಂದು ಮಾತಿಗೆ ಇಡೀ ಯಂತ್ರ ಬದಲಾಯಿತು. ಅವನ ತೋಳಿಗೆ ಎಷ್ಟು ಸಾಧ್ಯವೋ ಅದೇ ಈಗ ಅಳತೆ. ಅಂದರೆ 18 ಅಡಿ. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಎಂಬುದು ಸಾರ್ವಜನಿಕ ಕಟ್ಟಡಗಳ ರ‍್ಯಾಂಪಿಗೆ ಸರ್ಕಾರದ ಮಾರ್ಗಸೂಚಿಯೂ ಹೌದು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಬಂದಮೇಲೆ ಇದು ಯಾರದೋ ದಯೆಯ ಮಾತಾಗಿ ಉಳಿದಿಲ್ಲ. ನಿಮ್ಮೂರಿನ ಕಚೇರಿಗಳ ಮುಂದಿನ ರ‍್ಯಾಂಪಿಗೆ ಟೇಪು ಹಿಡಿದು ನೋಡಿ. ಕೆಲವು ಜಾರುಬಂಡೆಗಳೇ ಸೈ.

ಆದರೆ ಜಗಲಿಯಿಂದ ಹತ್ತೇ ಅಡಿಗೆ ಧ್ವಜಕಟ್ಟೆ ಇದೆ. 18 ಅಡಿ ಹಿಡಿಸುವುದೆಲ್ಲಿ? ಎಲ್ಲರೂ ಪೆಚ್ಚಾದರು. ಬಸ್ಸು ಹತ್ತಿದರೆ ವಾಂತಿ ಮಾಡಿಕೊಳ್ಳುವ ಹುಡುಗಿಯೊಬ್ಬಳು ಮೆಲ್ಲಗೆ, “ಆಗುಂಬೆ ಘಾಟಿ ಥರ ಮಡಚಬಹುದಲ್ವಾ?” ಅಂದಳು. ಆಗುಂಬೆಯ 14 ತಿರುವುಗಳು ಅವಳಿಗೆ ಪ್ರತಿ ಸಲ ಉಡುಪಿಗೆ ಹೋಗುವಾಗಲೂ ಹೊಟ್ಟೆಯಲ್ಲೇ ಪಾಠವಾಗಿವೆ! ಘಾಟಿ ರಸ್ತೆ ಅಂದರೆ ಮಡಚಿಟ್ಟ ಇಳಿಜಾರೇ. ನೇರ ಹತ್ತಲಾಗದ ಬೆಟ್ಟವನ್ನು ಬಸ್ಸು ಸುತ್ತಿ ಸುತ್ತಿ, ದೂರ ತೆತ್ತು ಹತ್ತುತ್ತದೆ. ಹಾಗೆಯೇ 9 ಅಡಿ ಗೋಡೆಯ ಗುಂಟ, ನಡುವೆ ಕುರ್ಚಿ ತಿರುಗಿಸಲು ಅಗಲವಾದ ಸಮತಟ್ಟು ಜಾಗ, ಮತ್ತೆ 9 ಅಡಿ ವಾಪಸು. ಕಾಗದದ ತ್ರಿಕೋನವೊಂದನ್ನು ಪೆನ್ಸಿಲಿಗೆ ಸುತ್ತಿ ನೋಡಿ, ಅದರ ಓರೆ ಅಂಚು ತಿರುಪಿನ ಎಳೆಯಾಗುತ್ತದೆ. ಚಕ್ಕುಲಿ ಒರಳಿನಲ್ಲಿ ಇರುವುದೂ ಸುತ್ತಿಟ್ಟ ಘಾಟಿ ರಸ್ತೆಯೇ.

ರಟ್ಟಿನಲ್ಲಿ ಒಂದು ಅಡಿಗೆ ಒಂದು ಇಂಚಿನಂತೆ ಮಾದರಿ ಮಾಡಿ, ಲೆಕ್ಕದ ಹಾಳೆ ಅಂಟಿಸಿ, ಶಾಲಾಭಿವೃದ್ಧಿ ಸಮಿತಿಯ ಮುಂದೆ ಇಟ್ಟರು. ಸಮಿತಿಯಲ್ಲಿದ್ದ ಗಾರೆ ಕೆಲಸದವರೊಬ್ಬರು ಮಾದರಿಯನ್ನು ತಿರುಗಿಸಿ ತಿರುಗಿಸಿ ನೋಡಿ, “ಕೈಹಿಡಿ ಕಂಬಿ ಎಲ್ಲಿ?” ಎಂದು ಕೇಳಿದರು. ಅದನ್ನೂ ಸೇರಿಸಿದರು. ಸಿಮೆಂಟು, ಕಲ್ಲು ಹೊಂದಿಸಿ ದಸರಾ ರಜೆಯಲ್ಲಿ ಕಟ್ಟುವುದೆಂದು ಒಪ್ಪಿಗೆಯಾಗಿದೆ.

ಶಾಲೆಗಳಿಗೆ ಇಂಥ ಗಾರೆಯವರು, ಬಡಗಿಗಳು, ಕಮ್ಮಾರರೇ ನಿಜವಾದ ಪ್ರಯೋಗಶಾಲೆ. ಭದ್ರಾವತಿಯವರು ಇನ್ನೂ ಅದೃಷ್ಟವಂತರು. 1923ರಿಂದ ಕಬ್ಬಿಣ ಕರಗಿಸಿದ ಊರು ಅದು, ನಿವೃತ್ತ ಫಿಟ್ಟರು, ಟರ್ನರುಗಳಿಗೆ ಬರವಿಲ್ಲ. ಶನಿವಾರ ಒಂದು ಗಂಟೆ ಕರೆದು ನೋಡಿ, ಬೇಡ ಅನ್ನುವವರು ಕಡಿಮೆ.

ಮಕ್ಕಳೇ, ಕಳೆದ ಶನಿವಾರ ಹೊರಡುವಾಗ ಆ ಹುಡುಗ ನನ್ನನ್ನು ತಡೆದ. “ಅಜ್ಜಾ, ಜಗಲಿ ಹತ್ತಿದ ಮೇಲೆ ತರಗತಿಗೆ ಹೊಸ್ತಿಲಿದೆಯಲ್ಲ, ಎರಡು ಇಂಚು. ಅದಕ್ಕೆ ಎಷ್ಟು ಉದ್ದದ ಹಲಗೆ ಬೇಕು? ಬಾಗಿಲು ಒಳಗಡೆ ತೆರೆಯುತ್ತೆ, ಅದಕ್ಕೆ ಅಡ್ಡ ಬರಬಾರದು.” ನಾನು ಉತ್ತರ ಹೇಳಿಲ್ಲ. ನೀವು ಲೆಕ್ಕ ಮಾಡಿ, ಚಿತ್ರ ಬರೆದು ಪತ್ರಿಕೆಗೆ ಕಳಿಸಿ, ನಾನು ಅವನಿಗೆ ತಲುಪಿಸುತ್ತೇನೆ.